ನೀರುನಾಯಿಯ ಎದೆಗೂಡು

ಕಟಿಂಗ್ ಪ್ಲೇಯರ್ ಬೀರುವಿನಲ್ಲಿತ್ತು, ಬೀರುವಿನ ಬೀಗದಕೈ ಮಾವನ ಅಂಗಿಯ ಜೇಬಿನಲ್ಲಿತ್ತು, ಮಾವನ ಬಲಗೈ ನೀರುನಾಯಿಯ ಎದೆಗೂಡಿನೊಳಗೆ ಸಿಕ್ಕಿಬಿದ್ದಿತ್ತು.

ನೀರುನಾಯಿ ಎಂದರೆ ತಂತಿಯದು. ಹಿಂಗಾಲ ಮೇಲೆ ಎದ್ದು ನಿಂತು ಕತ್ತು ಚಾಚಿದ, ಸೊಂಟದೆತ್ತರದ ಪ್ರಾಣಿ. ಸೊಸೆ ದಿನಾ ತನ್ನ ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಬಂದು ಕೂತು, ಮೂರು ತಿಂಗಳು ಹೆಣೆದದ್ದು. ಊರಿನ ಹಳೇ ಅಂಚೆ ಕಚೇರಿಯಲ್ಲಿ ನಡೆಯುವ ಈ ತಂತಿ ಕೆಲಸದ ಗುಂಪಿಗೆ ನಿವೃತ್ತ ಲೈನ್‌ಮನ್ ಆದ ಮಾವನೇ ಗುರು. ಕಾಲುವೆಯ ದಂಡೆಯಲ್ಲಿ ಕಂಡ ಪ್ರಾಣಿಗಳನ್ನೇ ಮಾಡಬೇಕು, ಒಂದು ಪ್ರಾಣಿಗೆ ಒಂದೇ ತಂತಿ. ಸುರುಳಿಯಿಂದ ಒಮ್ಮೆ ಕತ್ತರಿಸಿಕೊಂಡರೆ ಮುಗಿಯಿತು, ಪ್ಲೇಯರ್ ಬೀರು ಸೇರುತ್ತದೆ. ಮತ್ತೆ ಕತ್ತರಿಸುವಂತಿಲ್ಲ, ತುಂಡು ಸೇರಿಸುವಂತಿಲ್ಲ. ತಪ್ಪಾದರೆ ಎಲ್ಲ ಬಿಚ್ಚಿ ಮೊದಲಿನಿಂದ ಹೆಣೆಯಬೇಕು. ಗುಂಪಿನಲ್ಲಿದ್ದ ಸಲೂನಿನವನು ತನ್ನ ಮುಂಗುಸಿಯನ್ನು ನಾಲ್ಕು ಸಲ ಬಿಚ್ಚಿದ್ದ. ಐದನೆಯ ಸಲವೂ ಅದು ಹೆಗ್ಗಣವಾಗಿಯೇ ಹುಟ್ಟಿತ್ತು.

ಐದು ಗಂಟೆಗೆ ಪ್ರದರ್ಶನ. ಮೂರೂವರೆಗೆ ಸೊಸೆಯೂ ಸಲೂನಿನವನೂ ಮೇಜು ಜೋಡಿಸಲು ಬಂದಾಗ ಮಾವ ನೆಲದ ಮೇಲೆ ಮಂಡಿಯೂರಿದ್ದ. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂದಿತ್ತು.

"ಏನಿಲ್ಲಮ್ಮ, ಸ್ವಲ್ಪ ಸಿಕ್ಕಾಕ್ಕೊಂಡಿದೆ," ಅಂದ.

ಅವಳು ಬಗ್ಗಿ ನೋಡಿದಳು. ಮಣಿಕಟ್ಟಿಗೆ ತಂತಿಯ ಜೀರುಕುಣಿಕೆ ಬಿದ್ದು ಮಾಂಸದೊಳಗೆ ಇಳಿದಿತ್ತು. ಬೆರಳುಗಳು ಊದಿ ನೀಲಿಗಟ್ಟಿದ್ದವು. ನೀರುನಾಯಿಯ ಕತ್ತು ಹಿಂದಕ್ಕೆ ವಾಲಿತ್ತು. ಅದು ವಾಲಿದಷ್ಟೂ ಕುಣಿಕೆ ಬಿಗಿಯುತ್ತಿತ್ತು.

"ಎಷ್ಟು ಹೊತ್ತಾಯ್ತು ಮಾವ?"

"ಈಗ ತಾನೇ."

"ಸುಳ್ಳು ಹೇಳ್ಬೇಡಿ."

"ಅರ್ಧ ಗಂಟೆ ಆಗಿರ್ಬೇಕು."

ಸಲೂನಿನವನು ಓಡಿಬಂದು ಕತ್ತನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಇನ್ನಷ್ಟು ಬಿಗಿಯುವುದು ನಿಂತಿತು, ಆದರೆ ಕುಣಿಕೆ ಸಡಿಲಲಿಲ್ಲ.

"ಬೀಗದಕೈ ಕೊಡಿ," ಅಂದಳು ಸೊಸೆ.

"ಬೇಡ. ಬಾಲದಿಂದ ಬಿಚ್ಕೊಂಡು ಬಾ. ನಿಧಾನಕ್ಕೆ."

"ಬಾಲದಿಂದ ಇಲ್ಲಿಗೆ ಬರೋಕೆ ಎರಡು ಗಂಟೆ ಬೇಕು. ಅಷ್ಟೊತ್ತಿಗೆ ಈ ಕೈ ಇರಲ್ಲ."

"ಕತ್ತರಿಸೋ ಹಾಗಿಲ್ಲ ಅಂದ್ರೆ ಕತ್ತರಿಸೋ ಹಾಗಿಲ್ಲ." ಮಾವ ಎಡಗೈಯಿಂದ ಜೇಬನ್ನು ಅವುಚಿಕೊಂಡ. ಮುದುಕನ ಹಟಕ್ಕೂ ಒಂದು ಮಿತಿ ಬೇಡವೇ! ಸಲೂನಿನವನು, "ಸಾರ್, ಮುಂದಿನ ಸಲ ಶೇವಿಂಗಿಗೆ ಬನ್ನಿ, ಈ ಮಾತು ಅಲ್ಲಿ ಆಡೋಣ," ಎಂದು ಹಲ್ಲು ಕಚ್ಚಿದ.

ಮದುವೆಯಾಗಿ ಹನ್ನೊಂದು ವರ್ಷ. ಸೊಸೆ ಮಾವನಿಗೆ ಎದುರು ಮಾತಾಡಿದವಳಲ್ಲ. ಈಗ ಅವನ ಎಡಗೈಯನ್ನು ಹಿಡಿದು ಎಳೆದು, ಜೇಬಿಗೆ ಕೈಹಾಕಿ ಬೀಗದಕೈ ಕಿತ್ತುಕೊಂಡಳು. ಮಾವ ಕಣ್ಣು ಮುಚ್ಚಿಕೊಂಡ.

ಪ್ಲೇಯರ್ ತಂದಳು. ಆದರೆ ಎಲ್ಲಿ ಕತ್ತರಿಸುವುದು? ಮಣಿಕಟ್ಟಿನಲ್ಲಿ ಅದರ ಬಾಯಿ ತೂರಿಸಲು ಕೂದಲೆಳೆಯಷ್ಟೂ ಜಾಗವಿರಲಿಲ್ಲ. ಬೇರೆಡೆ ತಪ್ಪು ಎಳೆ ಕತ್ತರಿಸಿದರೆ ಕತ್ತಿನ ಎಳೆತವೆಲ್ಲ ಕುಣಿಕೆಗೇ ಬೀಳುತ್ತದೆ. ಅವಳು ಎಳೆಗಳ ಮೇಲೆ ಬೆರಳಿಟ್ಟು ದಾರಿ ಹಿಡಿದಳು. ಬಾಲ, ಸೊಂಟ, ಏಳು ಪಕ್ಕೆ, ಭುಜ. ಈ ತಂತಿಯ ಒಂದೊಂದು ತಿರುವೂ ಅವಳಿಗೆ ಕಂಠಪಾಠ.

"ಬೇಗ ಅಕ್ಕ," ಅಂದ ಸಲೂನಿನವನು. "ನನ್ನ ಕೈಲಿ ಆಗ್ತಿಲ್ಲ."

ಭುಜದ ಹತ್ತಿರ ಅವಳ ಬೆರಳು ನಿಂತಿತು. ಅಲ್ಲೊಂದು ಎಳೆ ಹೆಚ್ಚಿತ್ತು. ಮತ್ತೆ ಎಣಿಸಿದಳು. ಹೆಚ್ಚೇ. ಕತ್ತಿನೊಳಗಿನಿಂದ ಹೊರಟು, ಅವಳ ತಂತಿಯ ಮರೆಯಲ್ಲೇ ಇಳಿದು, ನೇರ ಮಾವನ ಮಣಿಕಟ್ಟಿಗೆ ಬಂದಿತ್ತು.

"ಇದು ನಂದಲ್ಲ."

ಅವಳು ಮಾವನ ಮುಖ ನೋಡಿದಳು.

"ಮಾವ, ನೀವು ಬೇರೆ ತಂತಿ ಸೇರಿಸಿದ್ರಾ?"

ಉತ್ತರಕ್ಕೆ ಕಾಯುವಷ್ಟು ಹೊತ್ತಿರಲಿಲ್ಲ. ಆ ಎಳೆಗೆ ಪ್ಲೇಯರ್ ಹಚ್ಚಿ ಎರಡೂ ಕೈಯಿಂದ ಅದುಮಿದಳು. ಟಪ್ಪೆಂದು ತುಂಡಾಗಿ, ತುದಿ ಅವಳ ಕೆನ್ನೆ ಗೀರಿಕೊಂಡು ಹೋಯಿತು. ಕುಣಿಕೆ ಸಡಿಲವಾಯಿತು. ಅದನ್ನು ಬಿಡಿಸಿ ಕೈಯನ್ನು ಹೊರಗೆಳೆದಳು. ಸಲೂನಿನವನು ಕೈಬಿಟ್ಟ ಕೂಡಲೇ ನೀರುನಾಯಿಯ ಕತ್ತು ಕುಸಿದು ಪಕ್ಕಕ್ಕೆ ಜೋತಿತು.

"ನಿನ್ನೆಯಿಂದ ವಾಲ್ತಾ ಇತ್ತಮ್ಮ," ಅಂದ ಮಾವ, ತಲೆ ತಗ್ಗಿಸಿ. "ಜನದ ಮುಂದೆ ಬೀಳಬಾರದು ಅಂತ ಒಳಗಿಂದ ಎಳೆದು ಕಟ್ತಾ ಇದ್ದೆ. ಕತ್ತು ವಾಲಿ ಕುಣಿಕೆ ಕೈಗೇ ಬಿತ್ತು."

"ಬಿದ್ರೆ ಬೀಳ್ತಿತ್ತು! ಮತ್ತೆ ಮಾಡ್ತಿದ್ದೆ! ನಿಮ್ಮ ಕೈ ಮತ್ತೆ ಮಾಡೋಕೆ ಆಗುತ್ತಾ?" ಅವಳಿಗೆ ಸಿಟ್ಟು ಉಕ್ಕಿಬಂದಿತ್ತು. "ಮೂರು ತಿಂಗಳಲ್ಲಿ ಒಂದು ದಿನ ಚೆನ್ನಾಗಿದೆ ಅಂದಿಲ್ಲ ನೀವು. ಅಷ್ಟೊಂದು ಕೆಟ್ಟದಾಗಿದ್ದಿದ್ರೆ ಹೇಳ್ಬೇಕಿತ್ತು."

"ನಿಮ್ಮ ಹತ್ರ ಹೇಳಿಲ್ವಾ?" ಸಲೂನಿನವನು ಬಾಯಿ ತೆರೆದು ನಿಂತ. "ನನ್ನ ಅಂಗಡಿ ಕುರ್ಚೀಲಿ ಕೂತವ್ರಿಗೆಲ್ಲ ತಿಂಗಳಿಂದ ಅದೇ ಕಥೆ. ನನ್ನ ಸೊಸೆ ನೀರುನಾಯಿ ಮಾಡಿದಾಳೆ, ಪ್ರದರ್ಶನಕ್ಕೆ ಬನ್ನಿ, ಜೀವ ಬಂದು ಕಣ್ಣು ಬಿಡೋದೊಂದು ಬಾಕಿ ಅಂತ. ಕೇಳಿ ಕೇಳಿ ನನಗೇ ಸಾಕಾಗಿತ್ತು."

ಮಾವ ಗೋಡೆಯ ಕಡೆ ಮುಖ ತಿರುಗಿಸಿದ.

ಸೊಸೆ ಆ ಕೈಯನ್ನು ಮಡಿಲಿಗೆ ಎಳೆದುಕೊಂಡು, "ಬೆರಳು ಅಲ್ಲಾಡಿಸಿ," ಅಂದಳು. ಹೆಬ್ಬೆರಳು ಅಲ್ಲಾಡಿತು. ತೋರುಬೆರಳು, ನಡುಬೆರಳು ಅಲ್ಲಾಡಿದವು. ಉಂಗುರದ ಬೆರಳು ತಡವಾಗಿ ಮಿಸುಕಿತು. ಕಿರುಬೆರಳು ಸುಮ್ಮನಿತ್ತು.

"ಇನ್ನೊಂದ್ಸಲ."

"ಆಗ್ತಿಲ್ಲಮ್ಮ."

"ಆಗುತ್ತೆ. ಮಾಡಿ." ಆಸ್ಪತ್ರೆಗೆ ಆಟೋ ತರಲು ಸಲೂನಿನವನು ಹೊರಗೆ ಓಡಿದ. ಕಿರುಬೆರಳು ಅವಳ ಅಂಗೈಯನ್ನು ಒಮ್ಮೆ, ತೀರಾ ಮೆಲ್ಲಗೆ, ಒತ್ತಿತು. ಸೊಸೆ ಆ ಕೈಯ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಚೆನ್ನಾಗಿದೆ ಕಣಮ್ಮ," ಅಂದ ಮಾವ. "ತುಂಬಾ ಚೆನ್ನಾಗಿ ಮಾಡಿದೀಯ."