ಉಗುರು ಬಣ್ಣದ ಸೀಸೆ

ಬೀರುವಿನ ಬೀಗದ ಕೈ ಹುಡುಕಲೆಂದು ನಾದಿನಿ ತನ್ನ ಸತ್ತ ಅಣ್ಣನ ಕೆಲಸದ ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ, ಹೊರಗೆ ಬಂದದ್ದು ಉಗುರು ಬಣ್ಣದ ಸೀಸೆ. ಕಡುಗೆಂಪು. ಅರ್ಧ ಖಾಲಿ.

"ಅತ್ತಿಗೆ, ಇದು ನಿಮ್ದಾ?"

ಅತ್ತಿಗೆಯ ಉಗುರಿಗೆ ಜನ್ಮದಲ್ಲಿ ಬಣ್ಣ ತಾಗಿರಲಿಲ್ಲ. ಹೂಂ ಅಂದರೆ ಸುಳ್ಳು, ಊಹೂಂ ಅಂದರೆ ಮಾನ ಹೋಗುತ್ತದೆ. ಗಂಡನನ್ನೇ ಕೇಳೋಣವೆಂದರೆ ನಡುಮನೆಯಲ್ಲಿ ಬಾಯಿ ಮುಚ್ಚಿ ಮಲಗಿದ್ದಾನೆ. ಬದುಕಿದ್ದಾಗಲೂ ಮಾತು ಅಷ್ಟಕ್ಕಷ್ಟೇ ಅನ್ನಿ.

"ಇರ್ಲಿ, ಕೊಡಿಲ್ಲಿ," ಎಂದು ಸೆರಗಿನಲ್ಲಿ ಮುಚ್ಚಿಕೊಂಡಳು. ಬೆಳಗಿನಿಂದ ಹರಿಯುತ್ತಿದ್ದ ಕಣ್ಣೀರು ಅಲ್ಲೇ ನಿಂತಿತು. ಇಷ್ಟು ಹೊತ್ತು ಯಾರಿಗಾಗಿ ಅಳುತ್ತಿದ್ದೆ ಎಂಬುದೇ ಅವಳಿಗೆ ತಿಳಿಯದಾಯಿತು.

*

ಹೋದ ವರ್ಷ ಗಂಡನ ಹೆಬ್ಬೆರಳಿನಲ್ಲಿ ಇದೇ ಕೆಂಪು ಕಂಡಿದ್ದಳು.

"ಏನ್ರೀ ಇದು?"

"ಕೆಲಸದ್ದು ಕಣೇ."

ಕೆಲಸವೆಂದರೆ ಕಂಡವರ ತಾರಸಿ ಹತ್ತಿ ಸೋಲಾರ್ ಪ್ಯಾನಲ್ ಕೂರಿಸುವುದು, ಗಾಳಿಮಳೆಗೆ ಕಿತ್ತುಹೋಗದಂತೆ ಬಿಗಿಯುವುದು. ಅದರಲ್ಲಿ ಈ ಬಣ್ಣಕ್ಕೇನು ಕೆಲಸ ಎಂದು ಕೇಳಲು ಅವತ್ತು ಹೊಳೆಯಲಿಲ್ಲ. ಒಲೆಯ ಮೇಲೆ ಹಾಲಿತ್ತು.

*

ಗಂಡನ ಜೊತೆ ಕೆಲಸ ಮಾಡುತ್ತಿದ್ದವನು ಬಂದ. ಅವನನ್ನು ಅಡುಗೆಮನೆಗೆ ಕರೆದು ಸೀಸೆ ತೋರಿಸಿದಳು.

"ನಿಜ ಹೇಳಪ್ಪ. ಯಾರವಳು?"

ಅವನು ಕಣ್ಣು ಕಣ್ಣು ಬಿಟ್ಟ. "ಅಯ್ಯೋ ಅತ್ತಿಗೆ! ನಟ್ಟು ಬಿಗಿದ್ಮೇಲೆ ನಟ್ಟಿಗೂ ಬೋಲ್ಟಿಗೂ ಸೇರಿಸಿ ಒಂದು ಗೆರೆ ಎಳೀತಿದ್ದ ಅಣ್ಣ. ಗಾಳಿಗೆ ನಟ್ಟು ತಿರುಗಿದ್ರೆ ಗೆರೆ ತುಂಡಾಗತ್ತೆ, ಸಡಿಲ ಆಗಿದೆ ಅಂತ ಕೂಡ್ಲೇ ಗೊತ್ತಾಗತ್ತೆ. ಅದಕ್ಕೆ ಇದೇ ಬಣ್ಣ ಆಗ್ಬೇಕಿತ್ತು ಅವನಿಗೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ನಗ್ತೀರಿ ಅಂತ ನಾಚ್ಕೆ."

ಅವಳಿಗೆ ನಗುವೂ ಬಂತು, ಅಳುವೂ ಬಂತು.

ಅಷ್ಟರಲ್ಲಿ ಹೊರಗೆ ಹೆಣದ ಗಾಡಿ ಬಂದು, ಗಂಡನನ್ನು ಏರಿಸಿಯೂ ಆಯಿತು. ಬೆಳಗಿನಿಂದ ಅಲುಗದೆ ನಿಂತಿದ್ದ ಗಾಳಿ ಆಗಲೇ ಎದ್ದಿತು. ತಾರಸಿಯಲ್ಲಿ ದಡಬಡ ಸದ್ದು. ಎಲ್ಲರೂ ಕತ್ತೆತ್ತಿದರು. ಅವರ ಮನೆಯದೇ ಪ್ಯಾನಲ್, ಒಂದು ಮೂಲೆ ಮೇಲೆದ್ದು ಬಡಿದುಕೊಳ್ಳುತ್ತಿತ್ತು.

"ಮನೆಗೆ ಮಾರಿ, ಊರಿಗೆ ಉಪಕಾರಿ!" ಅವಳು ಗಾಡಿಯ ಕಡೆ ತಿರುಗಿ ಬೈದಳು. "ನಮ್ಮನೇದು ಬಿಗಿಯೋದು ನಾಳೆ, ನಾಳೆ ಅಂತಿದ್ರಲ್ಲ, ನೋಡಿ ಈಗ!" ಬೈಯುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು.

"ಅತ್ತಿಗೆ, ಹೊರಡೋ ಹೊತ್ತಾಯ್ತು," ಎಂದಳು ನಾದಿನಿ.

"ಅದು ಹಾರಿ ಯಾರ ತಲೆ ಮೇಲಾದ್ರೂ ಬಿದ್ರೆ? ನಿಲ್ಲಿಸಿ ಗಾಡೀನ."

ಜೊತೆಗಾರ ಸ್ಪ್ಯಾನರ್ ತಂದು ಗೋಡೆಗೆ ಏಣಿ ಚಾಚಿ ಹತ್ತಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿಯ ಬುಡ ಹಿಡಿದಳು. ಡ್ರೈವರ್ ಎಂಜಿನ್ ಆರಿಸಿದ. ಹಿಂದಿನ ಬಾಗಿಲು ತೆರೆದೇ ಇದ್ದ ಗಾಡಿಯಲ್ಲಿ ಗಂಡ ಕಾಯುತ್ತಿದ್ದ. ಅವಳು ಅವನಿಗೆ ಬೆನ್ನು ಹಾಕಿ ನಿಂತು, ಮೂಗೊರೆಸಿಕೊಳ್ಳಲೂ ಕೈ ಬಿಡದೆ ಕೂಗುತ್ತಿದ್ದಳು:

"ಇನ್ನೊಂದು ಸುತ್ತು ಬಿಗಿಯಪ್ಪ, ಇನ್ನೊಂದು ಸುತ್ತು!"