ಕೌದಿಯೊಳಗಿನ ಮಾತು

“ಅಳಸು! ನನ್ನ ಕಣ್ಣ ಮುಂದ ಅಳಸಿಬಿಡು ಅದನ್ನ!”

“ಅಳಸಂಗಿಲ್ರಿ. ನೀವು ಎಷ್ಟ ಒದರಿದ್ರೂ ಅಳಸಂಗಿಲ್ಲ.”

“ತಂಗೀ ತಂಗೀ ಅಂತ ತಲಿ ಮ್ಯಾಲ ಕುಂದರಿಸಿಕೊಂಡಿದ್ದು ನಂದ ತಪ್ಪು.”

“ಕುಂದರಿಸಿದ್ದು ತಲಿ ಮ್ಯಾಲಲ್ರಿ, ಟಂಟಂ ಮ್ಯಾಲ. ಇಳೀತೇನಿ ಬಿಡ್ರಿ.”

ನಿಜಗುಣಪ್ಪ ನಮ್ಮ ಪಡಸಾಲೆಯಲ್ಲಿ ಕೈ ಚಾಚಿ ನಿಂತಿದ್ದ. ನಾನು ಫೋನನ್ನು ಸೆರಗಿಗೆ ಕಟ್ಟಿಕೊಂಡಿದ್ದೆ. ಅವನು ನಮ್ಮ ವಾರ್ಡಿನ ಪಂಚಾಯಿತಿ ಮೆಂಬರು, ತವರಿನ ಕಡೆಯಿಂದ ನನಗೆ ದೂರದ ಅಣ್ಣ. ಎಲೆಕ್ಷನ್ ಹತ್ತಿರ ಬಂದಿದೆ. ಹೊಸ ಪ್ರಚಾರ ಓದಿಸಲು ಚೀಟಿ ಹಿಡಿದು ಬಂದವನಿಗೆ ನಾನು, “ಮೊದಲ ಹಳೇ ರೆಕಾರ್ಡಿಂಗ್ ಪೂರಾ ಊರಿಗೆ ಕೇಳಸತೇನಿ” ಎಂದಿದ್ದೆ.

ಸುರೇಬಾನದಿಂದ ರಾಮದುರ್ಗದವರೆಗೆ ಟಂಟಂ ಆಟೋ ಮೇಲಿನ ಸ್ಪೀಕರಿನಲ್ಲಿ ಕೇಳುವ ಹೆಂಗಸಿನ ದನಿ ನನ್ನದು. ಪೋಲಿಯೋ ಹನಿ, ಕಳೆದ ಎಮ್ಮೆ, ಸೀರೆ ಸೇಲು, ಎಲ್ಲಾ ನಾನೇ. ಓದಿದ್ದು ಏಳನೇ ಇಯತ್ತೆ, ಆದರೆ ಉಚ್ಚಾರ ಸ್ವಚ್ಛ. ಟಂಟಂ ಓಡಿಸುವವನು ಗಂಡ ಮಾಳಪ್ಪ. ನಮ್ಮ ಸ್ಟುಡಿಯೋ ಎಂದರೆ ಅತ್ತೆ ಹೊಲಿದ ಕೌದಿ. ಅದನ್ನು ತಲೆ ತುಂಬ ಹೊದ್ದುಕೊಂಡು ಫೋನಿಗೆ ಓದಿದರೆ ಹೊರಗೆ ನಾಯಿ ಬೊಗಳಿದ್ದೂ ಒಳಗೆ ಬರುವುದಿಲ್ಲ.

ಹೋದ ದೀಪಾವಳಿಗೆ ನಿಜಗುಣಪ್ಪ ಒಂದು ಚೀಟಿ ತಂದಿದ್ದ. ಕೆಳಗಿನ ಓಣಿಯ ಗಟಾರದ ಮೇಲೆ ಫರಸಿ ಕಲ್ಲು ಹಾಸಿಯಾಗಿದೆ, ತಾಯಂದಿರು ಧೈರ್ಯವಾಗಿ ನಡೆಯಿರಿ, ಅಂತ. ಒಂದು ಕಲ್ಲೂ ಬಿದ್ದಿರಲಿಲ್ಲ. ಓದುವುದು ಹೇಗೆಂದು ಹೇಳಿಕೊಡಲು ಅವನೂ ಕೌದಿಯೊಳಗೆ ತಲೆ ತೂರಿಸಿದ. ಮಾಳಪ್ಪ ಹೊಟ್ಟೆ ಹಿಡಿದು ನಕ್ಕ. ಫೋನು ಆಗಲೇ ಓಡುತ್ತಿತ್ತು. ನಮ್ಮಿಬ್ಬರ ಮಾತು ಕತ್ತರಿಸಿ ಮಿಕ್ಕಿದ್ದನ್ನು ಮಾಳಪ್ಪ ಟಂಟಂಗೆ ಹಾಕಿದ. ಕತ್ತರಿಸದ ಪೂರಾ ರೆಕಾರ್ಡಿಂಗ್ ನನ್ನ ಫೋನಿನಲ್ಲೇ ಉಳಿಯಿತು.

ಆ ಓಣಿಯಲ್ಲಿ ಕೆಂಚವ್ವ ಇದ್ದಾಳೆ. ಈ ಊರಿಗೆ ಸೊಸೆಯಾಗಿ ಬಂದಾಗ ನನಗೆ ರೊಟ್ಟಿ ಬಡಿಯಲು ಕಲಿಸಿದವಳು. ಎರಡೂ ಕಣ್ಣು ಹೋಗಿ ಬಹಳ ವರ್ಷವಾಯಿತು. ಯಾವಾಗಲೂ ಗೋಡೆ ಸವರಿಕೊಂಡೇ ನಡೆಯುತ್ತಿದ್ದಳು. ನನ್ನ ದನಿ ಕೇಳಿದ ಮರುದಿನ ಗೋಡೆ ಬಿಟ್ಟಳು. ನಾಲ್ಕೇ ಹೆಜ್ಜೆಗೆ ಗಟಾರಕ್ಕೆ ಬಿದ್ದಳು. ತೊಡೆಯ ಎಲುಬು ಮುರಿಯಿತು. ಕೇಳಿದವರಿಗೆಲ್ಲ “ಕಾಲು ಜಾರ್ತು” ಎಂದಳೇ ಹೊರತು ನನ್ನ ಹೆಸರು ಎತ್ತಲಿಲ್ಲ. ಅವತ್ತಿನಿಂದ ದಿನಾ ಮುಂಜಾನೆ ಅವಳ ತಲೆದೆಸೆಗೆ ನುಚ್ಚು, ಮಜ್ಜಿಗೆ ಇಟ್ಟು ಬರುತ್ತೇನೆ. ಬಾಯಿ ಮಾತ್ರ ಬಿಡುವುದಿಲ್ಲ. ಬಿಟ್ಟರೆ ದನಿ ಗೊತ್ತಾಗುತ್ತದೆ.

“ಅದರಾಗ ನಿನ್ನ ದನಿನೂ ಐತೆಲ್ಲ ತಂಗಿ,” ಎಂದು ನಿಜಗುಣಪ್ಪ ಮೆತ್ತಗಾದ. “ಊರಿಗೆ ಕೇಳಿಸಿದ್ರ ನಿನ್ನ ಮಾನಾನೂ ಹೊಕ್ಕೈತಿ.”

ಅದು ಖರೆ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಸುಮ್ಮನಿದ್ದು ಸಾಕಾಗಿತ್ತು.

“ನಡ್ರಿ ಕೆಂಚವ್ವನ ಕಡೆ. ಆಕಿ ಅಳಸು ಅಂದ್ರ ಅಲ್ಲೇ ಅಳಸತೇನಿ.”

ಮುದುಕಿ ತನ್ನ ಮಾತು ಮೀರುವುದಿಲ್ಲ ಎಂದುಕೊಂಡನೋ ಏನೋ, ಬಂದ. ಕೆಂಚವ್ವ ಕಟ್ಟೆಯ ಹೊರಸಿನ ಮೇಲೆ ಮಲಗಿದ್ದಳು. ಅವನು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ ಕೂತ. ನಾನು ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದು ಒತ್ತಿದೆ.

“ಅಣ್ಣಾ, ಕಲ್ಲ ಹಾಸಿಲ್ಲಲ್ರಿ? ಹೆಂಗ ಓದ್ಲಿ?”

“ಬಿಲ್ ಪಾಸಾಗೇತಿ ತಂಗಿ, ಕಲ್ಲ ಎಲ್ಲಿ ಹೋಗತಾವ? ಓದ್ ನೀ.”

“ಯಾರರ ಬಿದ್ರ?”

“ಬಿದ್ದವ್ರು ಏಳತಾರ.”

ಅವನ ನಗು. ಅದರ ಹಿಂದೆಯೇ ನನ್ನ ಇಂಪಾದ ದನಿ, “ತಾಯಂದಿರೇ...”

ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಕೆಂಚವ್ವ ಕೈ ಆಡಿಸಿ ನನ್ನ ಮುಂಗೈ ಹುಡುಕಿ ಹಿಡಿದಳು.

“ಬಿದ್ರ ಅಂತ ಕೇಳಿದ್ದೆಲ್ಲ ಹಂಗಾರ ನೀ.”

“ಕೇಳಿದ್ದೆ ಆಯಿ. ಆದ್ರೂ ಓದಿದೆ.”

“ಓದಿದಿ. ಇಷ್ಟ ದಿನ ಮೂಕಿ ಹಂಗ ನುಚ್ಚ ಇಟ್ಟ ಓಡತಿದ್ದಿ. ಬಳಿ ಸಪ್ಪಳ ಗುರತಾಗಂಗಿಲ್ಲೇನ ನನಗ, ಹುಚ್ಚಿ? ಉಪ್ಪ ಕಡಿಮಿ ಇರತಿತ್ತು. ಮಾತಾಡಂಗಿದ್ರ ಹೇಳತಿದ್ದೆ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಸೆರಗು ಬಾಯಿಗೆ ಹಿಡಿದೆ.

“ನಾಳೆನ ಕಲ್ಲ ಹಾಸಸತೇನಿ ಆಯಿ,” ಎಂದ ನಿಜಗುಣಪ್ಪ. “ಆಣಿ ಮಾಡಿ ಹೇಳತೇನಿ.”

“ಆಣಿ ಬ್ಯಾಡೋ ಯಪ್ಪಾ. ಭಾಗೀರಥಿ, ಫೋನ್ ಹಿಡಿ ಇವನ ಬಾಯಿಗೆ. ನೀ ಓದಬ್ಯಾಡ, ಇವನ ಹೇಳ್ಲಿ. ಯಾವತ್ತು ಹಾಸತಾನ ಅದೂ ಹೇಳ್ಲಿ.”

ಹಿಡಿದೆ. ಕೆಂಪು ಚುಕ್ಕೆ ಹತ್ತಿಕೊಂಡಿತು. ಅವನು ಫೋನು ನೋಡಿದ. ಓಣಿಯ ಹೆಂಗಸರನ್ನು ನೋಡಿದ.

“ಎಂಜಿನಿಯರ್‌ಗೆ ಒಂದ್ ಮಾತ ಕೇಳಿ ಬಂದಬಿಡತೇನಿ.”

ಚಪ್ಪಲಿ ಮೆಟ್ಟಿಕೊಂಡ. ಗಟಾರ ತುಂಬಿ ಓಣಿಯ ಅರ್ಧಕ್ಕೆ ಹರಡಿತ್ತು. ಗೋಡೆಗೆ ಅಂಗೈ ಊರಿ, ಸವರಿಕೊಳ್ಳುತ್ತ, ಒಂದೊಂದೇ ಹೆಜ್ಜೆ ಇಡುತ್ತ ಹೋದ.

“ಗ್ವಾಡಿ ಹಿಡದ ಹೊಂಟಾನೇನ?” ಎಂದು ಕೆಂಚವ್ವ ಕೇಳಿದಳು.

“ಹೂಂ ಆಯಿ.”

“ಹಿಡೀಲಿ. ಬಿದ್ದಗಿದ್ದಾನು.”

ಮಾಳಪ್ಪ ಚಹಾ ತಂದ. ನಿಜಗುಣಪ್ಪನ ಪಾಲಿನ ಕಪ್ಪಿಗೆ ಬಸಿ ಮುಚ್ಚಿಟ್ಟೆವು. ಕೆಂಚವ್ವ ನನ್ನ ಬಳೆ ಬಿಡಲಿಲ್ಲ, ನಾನು ಫೋನು ಆರಿಸಲಿಲ್ಲ. ಚಹಾ ಕೆನೆಗಟ್ಟಿತು. ಅವನು ಬರಲಿಲ್ಲ.