ಹಳಿಯ ಈಚೆ

"ಎತ್ತಬೇಡಿ," ಎಂದು ಹೆಂಡತಿ ಗಂಡನ ಶವದ ಮೇಲೆ ಕೈ ಅಡ್ಡ ಇಟ್ಟಳು. ಹೆಗಲು ಕೊಡಲು ಬಗ್ಗಿದ್ದ ಲಾರಿ ಡ್ರೈವರುಗಳು ಬಗ್ಗಿದಂತೆಯೇ ನಿಂತರು. "ನಿದ್ದೆ ಹೊಡೀತಿದ್ದ ಅಂತ ಪೊಲೀಸರಿಗೆ ಹೇಳಿದೋರು ನನ್ನ ಮುಂದೆ ಹೇಳ್ಲಿ."

ಲಾರಿಗಳ ಮಾಲೀಕ ಅಂಗಳದ ಕುರ್ಚಿಯಿಂದ ಏಳಲಿಲ್ಲ. "ನೋಡಮ್ಮ, ಎಚ್ಚರ ಇರೋನು ಲಾರೀನ ಬಂಡೆಗೆ ಹೊಡೀತಾನಾ?"

"ಬ್ರೇಕ್ ಹಿಡೀತಿಲ್ಲ ಅಂತ ಇವ್ರು ನಿಮ್ಮ ಹತ್ರ ಬಾಯಿ ಬಡ್ಕೊಂಡ್ರಲ್ಲ."

"ಬ್ರೇಕ್ ಸರಿಯಾಗೇ ಇತ್ತು."

ಅವಳು ಮೈದುನನತ್ತ ತಿರುಗಿದಳು. ಅವನದೂ ಇದೇ ಮಾಲೀಕನ ಲಾರಿ. ಅಂದು ಅಣ್ಣನ ಹಿಂದೆಯೇ ಘಾಟಿ ಇಳಿಯುತ್ತಿದ್ದ. "ನೀನು ನೋಡಿದೀಯ. ಹೇಳಪ್ಪ."

ಮೈದುನ ತನ್ನ ಬಸುರಿ ಹೆಂಡತಿಯ ಕಡೆ ನೋಡಿದ. "ತಿರುವಲ್ಲಿ ಕಾಣಿಸ್ಲಿಲ್ಲ ಅತ್ತಿಗೆ."

ಅವಳು ಕೈ ತೆಗೆದಳು.

*

ತಮ್ಮನಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನೇ ಅಣ್ಣ. "ಹತ್ತಿದ ಗೇರಲ್ಲೇ ಇಳೀಬೇಕು ಕಣೋ," ಎನ್ನುತ್ತಿದ್ದ. "ಬ್ರೇಕನ್ನೇ ನಂಬಿ ಕೂತ್ರೆ ನೆಂಟರ ಹಾಗೆ ಕಷ್ಟಕಾಲಕ್ಕೆ ಕೈಕೊಡ್ತದೆ." ಜೊತೆಯ ಡ್ರೈವರುಗಳು ಅವನನ್ನು ಬಸವನಹುಳು ಎಂದು ಕರೆಯುತ್ತಿದ್ದರು. ಅವನೂ ನಗುತ್ತಿದ್ದ.

ಆ ದಿನ ಮಿತಿಮೀರಿ ಲೋಡು ತುಂಬಿಸಿದ್ದರು. ಕೊನೆಯ ಇಳಿಜಾರಿನಲ್ಲಿ ಚಿಕ್ಕ ಗೇರೂ ಆ ಭಾರವನ್ನು ತಡೆಯಲಿಲ್ಲ. ಬಸವನಹುಳುವಿನ ಲಾರಿ ಓಡತೊಡಗಿತು. ಹಿಂದಿನ ಕೆಂಪು ಬ್ರೇಕ್ ದೀಪ ಮಾತ್ರ ಆರದೆ ಉರಿಯುತ್ತಿತ್ತು. ಕೆಳಗೆ ರೈಲ್ವೆ ಗೇಟ್ ಹಾಕಿತ್ತು. ಅದರ ಮುಂದೆ ಜನ ತುಂಬಿದ ಬಸ್ಸು. ಅಣ್ಣ ಬಂಡೆಯ ಕಡೆಗೆ ತಿರುಗಿಸಿದ್ದನ್ನು ತಮ್ಮ ಕಣ್ಣಾರೆ ಕಂಡ.

*

ಸ್ಮಶಾನ ಹಳಿಯ ಆಚೆಗಿತ್ತು. ಶವವನ್ನು ಮೈದುನನ ಲಾರಿಯಲ್ಲೇ ಒಯ್ದರು. ಅತ್ತಿಗೆ ಅವನ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಮೊದಲ ಗೇರಿನಲ್ಲಿ ನರಳುತ್ತ ಲಾರಿ ಘಾಟಿ ಇಳಿಯಿತು. ಬಂಡೆ ಬಂದಾಗ ಇಬ್ಬರೂ ಅತ್ತ ನೋಡಲಿಲ್ಲ.

ಗೇಟು ತೆರೆದೇ ಇತ್ತು. ಆದರೂ ಹಳಿಯ ಈಚೆ ಇಳಿಜಾರಿನಲ್ಲೇ ನಿಲ್ಲಿಸಿ, ಗಾಜು ಇಳಿಸಿ, ಅವನು ಎರಡೂ ಕಡೆ ಕಿವಿಗೊಟ್ಟ. ರೈಲಿನ ಸದ್ದಿರಲಿಲ್ಲ.

"ಅತ್ತಿಗೆ, ಅಣ್ಣ ನಿದ್ದೆ ಮಾಡಿರ್ಲಿಲ್ಲ. ಕೊನೇವರೆಗೂ ಬ್ರೇಕ್ ಒತ್ತಿದ್ದ. ಬಸ್ಸಿನೋರು ಉಳೀಲಿ ಅಂತ ತಾನೇ ಬಂಡೆಗೆ ಗುದ್ದಿಸ್ದ."

"ಅಲ್ಲಿ ಯಾಕೆ ಬಾಯಿಬಿಡ್ಲಿಲ್ಲ?"

"ಈ ಲಾರೀನೂ ಕಿತ್ಕೊಂಡ್ರೆ ಎಲ್ಲಿಗೆ ಹೋಗ್ಲಿ? ಮಗು ಬೇರೆ ಬರ್ತಿದೆ."

ಅವಳು ಅವನ ಕಾಲಡಿಯ ಪೆಡಲಿನತ್ತ ನೋಡಿದಳು. ಆಮೇಲೆ ಕೇಳಿದಳು: "ಇದರ ಬ್ರೇಕ್ ಸರಿ ಇದೆಯಾ?"

ಅವನು ಪೆಡಲನ್ನು ಇನ್ನಷ್ಟು ಒತ್ತಿ ಹಿಡಿದ.

ಅವಳು ಬಾಗಿಲು ತೆರೆದು ಇಳಿದಳು. ಹಿಂದಕ್ಕೆ ನಡೆದು, ಶವದ ಜೊತೆ ಮೇಲೆ ಕೂತಿದ್ದವರ ಕೈ ಹಿಡಿದು ಹತ್ತಿ, ಗಂಡನ ಪಕ್ಕ ಕೂತಳು. ಹಿಂದಿನಿಂದ ಮಾಲೀಕನ ಕಾರು ಹಾರ್ನ್ ಹೊಡೆಯತೊಡಗಿತು. ತೆರೆದ ಬಾಗಿಲು ಎಳೆದುಕೊಳ್ಳಲು ಮೈದುನ ಕೈ ಚಾಚಿದ. ಎಟುಕಲಿಲ್ಲ. ಸರಿದು ಹಿಡಿಯೋಣವೆಂದರೆ ಬ್ರೇಕಿನ ಮೇಲಿನ ಕಾಲು ತೆಗೆಯುವ ಧೈರ್ಯವಾಗಲಿಲ್ಲ.